ರತ್ನಗಂಬಳಿಯ ಕೊಳೆಗೆ ಯಾವ ಯಂತ್ರ?

ಚಳ್ಳಕೆರೆ, ಮೊಳಕಾಲ್ಮೂರು ಎಂದೊಡನೆ ಕನ್ನಡಿಗರಿಗೆ ಎರಡು ಬಗೆಯ ನೂಲುಗಳ ನೆನಪಾಗುತ್ತದೆ. ಒಂದು, ಚಳ್ಳಕೆರೆಯ ಕರಿಯ ಕಂಬಳಿಯ ಒರಟು ಉಣ್ಣೆ. ಇನ್ನೊಂದು, ಮೊಳಕಾಲ್ಮೂರಿನ ಸೀರೆಯ ರೇಷ್ಮೆ. ಚಿತ್ರದುರ್ಗ ಜಿಲ್ಲೆಯ ಈ ಎರಡು ನೆರೆಯ ತಾಲ್ಲೂಕುಗಳಿಗೆ ಈಚೆಗೆ ಮೂರನೆಯ ಬಗೆಯ ನೂಲೊಂದು ಬಂದು ಸೇರಿದೆ. ಕಲ್ಯಾಣ ಮಂಟಪಗಳ ಕೆಂಪು ನಡೆಹಾಸು, ಕಚೇರಿಗಳ ನೆಲಹಾಸು, ಮಸೀದಿಗಳಲ್ಲಿ ಸಾಲಾಗಿ ಹಾಸುವ ಪ್ರಾರ್ಥನೆಯ ಹಾಸುಗಳು, ಹೊಸ ಮನೆಗಳ ಪಡಸಾಲೆಯ ರತ್ನಗಂಬಳಿ ಇವುಗಳಲ್ಲಿ ಹೆಚ್ಚಿನವು ಪಾಲಿಪ್ರೊಪಿಲೀನ್, ಪಾಲಿಯೆಸ್ಟರ್, ನೈಲಾನ್ ಮೊದಲಾದ ಕೃತಕ ನೂಲಿನವು. ನೂಲು ಯಾವುದಾದರೇನು, ಕೊಳೆಯಾಗುವುದು ತಪ್ಪದು. ಆ ಕೊಳೆಯನ್ನು ತೆಗೆದುಕೊಡುವುದನ್ನೇ ಒಂದು ಸಣ್ಣ ಉದ್ಯೋಗವಾಗಿ ಮಾಡಿಕೊಳ್ಳಬಹುದೆಂದು ಪದವಿ ಮುಗಿಸಿದ ಕೆಲವು ತರುಣ ತರುಣಿಯರು ಯೋಚಿಸತೊಡಗಿದ್ದಾರೆ. ಭೌತಶಾಸ್ತ್ರವನ್ನು ಬೋಧಿಸುವವರೆಂಬ ಕಾರಣದಿಂದ ನಮ್ಮನ್ನು ಅವರು ಕೇಳುವ ಪ್ರಶ್ನೆ ಒಂದೇ: ಯಾವ ಯಂತ್ರವನ್ನು ಕೊಳ್ಳಬೇಕು?

ಪ್ರಶ್ನೆ ಸಣ್ಣದೆಂದು ಕಾಣಬಹುದು. ಕೇಳುವವರಿಗೆ ಅದು ಸಣ್ಣದಲ್ಲ. ಕೇಂದ್ರ ಸರ್ಕಾರವು 2015ರಲ್ಲಿ ಆರಂಭಿಸಿದ ಮುದ್ರಾ ಯೋಜನೆಯಲ್ಲಿ ‘ಶಿಶು’ ಎಂಬ ಮೊದಲ ಮೆಟ್ಟಿಲಿನ ಸಾಲದ ಮಿತಿ 50,000 ರೂಪಾಯಿ. ಅಷ್ಟರಲ್ಲಿ ಯಂತ್ರ, ಕೊಳವೆ, ಮಾರ್ಜಕ, ಸಾಗಣೆ ಎಲ್ಲವೂ ಆಗಬೇಕು. ಆರಿಸಿದ ಯಂತ್ರ ಈ ಸೀಮೆಯ ಕೊಳೆಗೆ, ನೀರಿಗೆ, ವಿದ್ಯುತ್ತಿಗೆ ಹೊಂದದೆ ಹೋದರೆ ಯಂತ್ರ ಮೂಲೆ ಸೇರುತ್ತದೆ, ಸಾಲ ಮಾತ್ರ ಮನೆಯಲ್ಲಿ ಉಳಿಯುತ್ತದೆ. ಆದುದರಿಂದ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಮಾರಾಟಗಾರರ ಪತ್ರಿಕೆಗಳಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವ ಬಿಸಿ, ಹಬೆ, ತಿರುಗುವ ಕುಂಚ ಇವುಗಳಿಗೆ ಈ ಎರಡು ತಾಲ್ಲೂಕುಗಳಲ್ಲಿ ಹಣ ಹಾಕುವುದು ವ್ಯರ್ಥ. ಹಾಕುವ ಹಣವೆಲ್ಲವೂ ಹೀರುವ ಶಕ್ತಿಗೆ ಹೋಗಬೇಕು.

ಹೀಗೆ ಹೇಳಲು ಮೊದಲ ಕಾರಣ ನಮ್ಮ ಕೊಳೆಯ ಸ್ವಭಾವ. ರಾಜ್ಯದಲ್ಲಿ ಅತ್ಯಂತ ಕಡಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ವರ್ಷದ ಬಹುಕಾಲ ಇಲ್ಲಿ ನೆಲ ಒಣಗಿರುತ್ತದೆ, ಗಾಳಿ ಬಿಡುವಿಲ್ಲದೆ ಬೀಸುತ್ತದೆ. ಹಾಸಿನ ಬುಡದಲ್ಲಿ ಕೂತಿರುವುದು ಬಹುಮಟ್ಟಿಗೆ ಒಣ ಮಣ್ಣಿನ ಕಣ. ಈ ಕಣಗಳಲ್ಲಿ ದಪ್ಪನಾದುದಕ್ಕೂ ಸಣ್ಣದಕ್ಕೂ ಇರುವ ಅಂತರವನ್ನು ಸ್ಟೋಕ್ಸ್‌ನ ನಿಯಮದಿಂದ ವಿದ್ಯಾರ್ಥಿಗಳೇ ಲೆಕ್ಕ ಹಾಕಿ ನೋಡಬಹುದು. 50 ಮೈಕ್ರಾನ್ ವ್ಯಾಸದ ಮರಳಿನ ಕಣವೊಂದು ನಿಶ್ಚಲವಾದ ಗಾಳಿಯಲ್ಲಿ ಒಂದೂವರೆ ಮೀಟರು ಇಳಿಯಲು ಏಳೆಂಟು ಸೆಕೆಂಡು ಸಾಕು. ಅದೇ ದ್ರವ್ಯದ 1 ಮೈಕ್ರಾನ್ ಕಣಕ್ಕೆ ಅಷ್ಟೇ ದೂರ ಇಳಿಯಲು ಸುಮಾರು ಐದು ಗಂಟೆ ಬೇಕು. ವ್ಯಾಸ ಐವತ್ತನೆಯ ಒಂದಾದರೆ ವೇಗ ಎರಡು ಸಾವಿರದ ಐನೂರನೆಯ ಒಂದಾಗುತ್ತದೆ. ಜಮಖಾನೆಯನ್ನು ಅಂಗಳದ ತಂತಿಯ ಮೇಲೆ ಹಾಕಿ ಕೋಲಿನಿಂದ ಬಡಿಯುವ ನಮ್ಮ ಹಳೆಯ ಕ್ರಮ ಜಡತ್ವದ ಒಳ್ಳೆಯ ಪ್ರಯೋಗವೇ ಹೌದು. ಬಟ್ಟೆ ಥಟ್ಟನೆ ಮುಂದೆ ಸರಿಯುತ್ತದೆ, ಧೂಳು ಇದ್ದಲ್ಲೇ ಉಳಿದು ಕಳಚಿಕೊಳ್ಳುತ್ತದೆ. ಆದರೆ ದಪ್ಪ ಕಣ ಕಾಲ ಬಳಿ ಬೀಳುತ್ತದೆ. ಸಣ್ಣ ಕಣ ಬಡಿಯುವವರ ಶ್ವಾಸಕೋಶಕ್ಕೆ ಹೋಗುತ್ತದೆ, ಮಿಕ್ಕದ್ದು ಸಂಜೆಯ ಹೊತ್ತಿಗೆ ಅದೇ ಜಮಖಾನೆಯ ಮೇಲೆ ಬಂದು ಕೂಡುತ್ತದೆ.

ಇಂಥ ಒಣ ಕೊಳೆಯ ಮೇಲೆ ಮೊದಲೇ ನೀರು ಸುರಿದರೆ ಆಗುವುದೇನು? ಕೆಸರು. ಕೆಸರು ನೂಲಿನ ಸಂದಿಗಳಿಗೆ ಇಳಿದು, ಒಣಗಿ, ಗಾರೆಯಂತೆ ಹಿಡಿದುಕೊಳ್ಳುತ್ತದೆ. ಆದುದರಿಂದ ಮೊದಲ ಕೆಲಸ ಒಣಗಿದ್ದಾಗಲೇ ಹೀರಿ ತೆಗೆಯುವುದು. ಅವಸರಪಡದೆ ಈ ಒಂದು ಕೆಲಸವನ್ನು ಮಾಡಿದರೆ ನಮ್ಮ ಸೀಮೆಯ ಅನೇಕ ಹಾಸುಗಳಿಗೆ ನೀರೇ ಬೇಕಾಗುವುದಿಲ್ಲ.

ಹೀರಿ ತೆಗೆಯುವ ಯಂತ್ರದ ಚರಿತ್ರೆ ಉದ್ಯೋಗಾರ್ಥಿಗಳಿಗೆ ತಿಳಿದಿರಬೇಕಾದುದು. 1901ರಲ್ಲಿ ಲಂಡನ್ನಿನ ಎಂಪೈರ್ ಮ್ಯೂಸಿಕ್ ಹಾಲಿನಲ್ಲಿ ಅಮೆರಿಕದ ಯಂತ್ರವೊಂದರ ಪ್ರದರ್ಶನ ನಡೆಯಿತು. ಅದು ಗಾಳಿಯನ್ನು ಜೋರಾಗಿ ಊದಿ ಧೂಳೆಬ್ಬಿಸುವ ಯಂತ್ರ. ಅದನ್ನು ನೋಡಿದ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರನಿಗೆ ಊದುವುದಕ್ಕಿಂತ ಹೀರುವುದು ಲೇಸೆಂದು ತೋರಿತು. ಉಪಾಹಾರ ಗೃಹವೊಂದರಲ್ಲಿ ಕುರ್ಚಿಯ ಮೆತ್ತೆಯ ಮೇಲೆ ಕರವಸ್ತ್ರವನ್ನಿಟ್ಟು, ಅದರ ಮೂಲಕ ಬಾಯಿಂದ ಗಾಳಿಯನ್ನು ಎಳೆದು ನೋಡಿದನಂತೆ. ಕೆಮ್ಮು ಬಂದಿತು, ಕರವಸ್ತ್ರದ ಅಡಿಯಲ್ಲಿ ಕಪ್ಪು ಗುರುತೂ ಬಂದಿತು. ಅದೇ ವರ್ಷ ಅವನು ಮಾಡಿದ ಯಂತ್ರ ಕುದುರೆ ಎಳೆಯುವ ಗಾಡಿಯ ಮೇಲೆ ಕೂರುವಷ್ಟು ದೊಡ್ಡದು. ಗಾಡಿ ಬೀದಿಯಲ್ಲಿ ನಿಲ್ಲುತ್ತಿತ್ತು, ಉದ್ದನೆಯ ಕೊಳವೆಗಳು ಕಿಟಕಿಯಿಂದ ಮನೆಯೊಳಕ್ಕೆ ಹೋಗುತ್ತಿದ್ದವು. 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಮುಂಚೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ರತ್ನಗಂಬಳಿಗಳನ್ನು ಶುಚಿಮಾಡಿದುದು ಇದೇ ಯಂತ್ರ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಬೂತ್ ಮೊದಲಿಗೆ ಮಾರಿದುದು ಯಂತ್ರವನ್ನಲ್ಲ, ಶುಚಿಮಾಡುವ ಸೇವೆಯನ್ನು. ನಮ್ಮ ತರುಣರು ಮಾಡಬೇಕೆಂದಿರುವುದೂ ಅದನ್ನೇ.

ಇನ್ನು ಹೀರುವ ಶಕ್ತಿಯನ್ನು ಅಳೆಯುವುದು ಹೇಗೆಂದು ನೋಡೋಣ. ಯಂತ್ರದ ಪೆಟ್ಟಿಗೆಯ ಮೇಲೆ 1200 ವಾಟ್, 1600 ವಾಟ್, 2000 ವಾಟ್ ಎಂದು ಬರೆದಿರುತ್ತದೆ. ಇದು ಯಂತ್ರವು ವಿದ್ಯುತ್ ಮಂಡಲದಿಂದ ತೆಗೆದುಕೊಳ್ಳುವ ಸಾಮರ್ಥ್ಯವೇ ಹೊರತು ಹಾಸಿನ ಮೇಲೆ ಮಾಡುವ ಕೆಲಸವಲ್ಲ. ಹೆಚ್ಚು ಉಣ್ಣುವ ಎತ್ತು ಹೆಚ್ಚು ಉಳುತ್ತದೆಂದು ಯಾವ ರೈತನೂ ನಂಬುವುದಿಲ್ಲ. ಹಾಸಿನ ಮೇಲೆ ನಡೆಯುವ ಕೆಲಸವೆಂದರೆ ಒತ್ತಡದ ವ್ಯತ್ಯಾಸವನ್ನು ಸೆಕೆಂಡಿಗೆ ಹರಿಯುವ ಗಾಳಿಯ ಗಾತ್ರದಿಂದ ಗುಣಿಸಿದಷ್ಟು. ಈ ಎರಡನ್ನೂ ಪೆಟ್ಟಿಗೆಯ ಮೇಲೆ ಮುದ್ರಿಸುವುದುಂಟು. ಆದರೆ ಅದರಲ್ಲೊಂದು ಜಾಣತನವಿದೆ. ಉದಾಹರಣೆಗೆ ಒತ್ತಡದ ವ್ಯತ್ಯಾಸ 20 ಕಿಲೋಪಾಸ್ಕಲ್, ಗಾಳಿಯ ಹರಿವು ಸೆಕೆಂಡಿಗೆ 40 ಲೀಟರು ಎಂದಿದೆಯೆನ್ನಿ. ಗುಣಿಸಿದರೆ 800 ವಾಟ್ ಬರುತ್ತದೆ, ಕೊಳ್ಳುವವರು ಹಿಗ್ಗುತ್ತಾರೆ. ವಾಸ್ತವದಲ್ಲಿ ಮೊದಲ ಸಂಖ್ಯೆ ಕೊಳವೆಯ ಬಾಯನ್ನು ಪೂರ್ತಿ ಮುಚ್ಚಿದಾಗ ದೊರೆತದ್ದು, ಆಗ ಗಾಳಿ ಹರಿಯುವುದೇ ಇಲ್ಲ. ಎರಡನೆಯದು ಬಾಯನ್ನು ಪೂರ್ತಿ ತೆರೆದಾಗ ದೊರೆತದ್ದು, ಆಗ ಒತ್ತಡದ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಮೆ. ಒಂದು ಏರಿದಂತೆ ಇನ್ನೊಂದು ಸರಳರೇಖೆಯಲ್ಲಿ ಇಳಿಯುತ್ತದೆಂದು ಭಾವಿಸಿದರೆ ಗುಣಲಬ್ಧ ಅತ್ಯಧಿಕವಾಗುವುದು ಎರಡೂ ಅರ್ಧಕ್ಕೆ ಬಂದಾಗ. ಆಗ ದೊರೆಯುವುದು 800ರಲ್ಲಿ ನಾಲ್ಕನೆಯ ಒಂದು ಭಾಗ, ಅಂದರೆ 200 ವಾಟ್. ಈ 200ಕ್ಕಾಗಿ ನಾವು ಬೆಲೆ ಕೊಡುತ್ತಿದ್ದೇವೆಂದು ತಿಳಿದು ಕೊಟ್ಟರೆ ತಪ್ಪಿಲ್ಲ.

ಈ 200 ವಾಟ್ ಕೂಡ ಸೋಸುಬಟ್ಟೆ ಹೊಸದಾಗಿರುವಾಗಿನ ಮಾತು. ಚಳ್ಳಕೆರೆಯ ಧೂಳು ಕಾಲು ಗಂಟೆಯಲ್ಲಿ ಸಣ್ಣ ಸೋಸುಬಟ್ಟೆಯನ್ನು ಮುಚ್ಚಿಬಿಡುತ್ತದೆ. ಗಾಳಿಯ ಹರಿವು ಕುಗ್ಗುತ್ತದೆ. ಮೋಟಾರಿನ ಸದ್ದು ಮಾತ್ರ ಇನ್ನೂ ಹೆಚ್ಚುತ್ತದೆ, ಹೆಚ್ಚಿದ ಸದ್ದನ್ನು ಹೆಚ್ಚಿದ ಕೆಲಸವೆಂದು ಕೇಳುವವರು ತಿಳಿಯುತ್ತಾರೆ. ಆದುದರಿಂದ ಸೋಸುಬಟ್ಟೆಯ ಮೇಲ್ಮೈ ದೊಡ್ಡದಾಗಿರುವ, ಹೊರಗೆ ತೆಗೆದು ಕೊಡವಲು ಬರುವ ಯಂತ್ರವೇ ಮೇಲು. ಹೊರಬರುವ ಗಾಳಿಗೆ ‘ಹೆಪಾ’ ಎಂಬ ಜಾತಿಯ ಸೋಸುಕ ಇದ್ದರೆ ಇನ್ನೂ ಒಳ್ಳೆಯದು, ಅದು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ. 99.97ರಷ್ಟನ್ನು ತಡೆಯಬೇಕೆಂಬುದು ನಿಯಮ. ಇದನ್ನು ಶ್ರೀಮಂತ ಗ್ರಾಹಕರಿಗೆ ತೋರಿಸುವ ಅಲಂಕಾರವೆಂದು ಭಾವಿಸಬಾರದು. ಗ್ರಾಹಕನ ಮನೆಯಲ್ಲಿ ಯಂತ್ರ ಓಡುವುದು ವರ್ಷಕ್ಕೆ ಒಂದೆರಡು ಗಂಟೆ. ಉದ್ಯೋಗ ನಡೆಸುವವನು ಪ್ರತಿದಿನವೂ ಆ ಗಾಳಿಯನ್ನೇ ಉಸಿರಾಡುತ್ತಾನೆ, ಪ್ರತಿದಿನವೂ ಆ ಚೀಲವನ್ನು ಕೊಡವುತ್ತಾನೆ. ಮಣ್ಣಿನಲ್ಲಿರುವ ಸಿಲಿಕದ ಸಣ್ಣ ಕಣ ಶ್ವಾಸಕೋಶವನ್ನು ಸೇರಿದರೆ ಮರಳಿ ಬರುವುದು ಕಷ್ಟ. ಕೊಡವುವಾಗ ಮುಖಕ್ಕೆ ಮುಸುಕು ಹಾಕಿಕೊಳ್ಳಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಒಣ ಕೊಳೆ ಹೋದ ಮೇಲೂ ಕಾಫಿ, ಸಾರು, ಎಣ್ಣೆ, ಕುಂಕುಮ ಇವುಗಳ ಕಲೆ ಉಳಿದಿರುತ್ತದೆ. ಅದಕ್ಕೆ ನೀರು ಬೇಕು. ಇಲ್ಲಿಯೇ ಬಿಸಿನೀರನ್ನು ಸಿಂಪಡಿಸಿ ಮರಳಿ ಹೀರುವ ದುಬಾರಿಯ ಯಂತ್ರಗಳು ಕಣ್ಣು ಸೆಳೆಯುವುದು. ಸಿಂಪಡಿಸಿ ಹೀರುವ ತತ್ತ್ವಕ್ಕೆ ನಮ್ಮ ವಿರೋಧವಿಲ್ಲ. ಅದರೊಳಗೆ ಸೇರಿಸಿರುವ ಕಾಯಿಸುವ ಸುರುಳಿಗೆ ಇದೆ.

ಲೆಕ್ಕ ಹಾಕಿ ನೋಡಿರಿ. 20 ಲೀಟರು ನೀರನ್ನು 25 ಡಿಗ್ರಿಯಿಂದ 60 ಡಿಗ್ರಿ ಸೆಂಟಿಗ್ರೇಡಿಗೆ ಏರಿಸಲು ಸುಮಾರು 2,930 ಕಿಲೋಜೌಲ್ ಶಾಖ ಬೇಕು. 2000 ವಾಟಿನ ಸುರುಳಿಗೆ ಇದು ಇಪ್ಪತ್ತನಾಲ್ಕು ನಿಮಿಷದ ಕೆಲಸ, ಅದೂ ವಿದ್ಯುತ್ತು 230 ವೋಲ್ಟಿನಲ್ಲಿ ಇದ್ದರೆ. ಹಳ್ಳಿಯ ಕಡೆ ಸಂಜೆಯ ಹೊತ್ತು ವೋಲ್ಟೇಜು 180ಕ್ಕೆ ಇಳಿಯಿತೆನ್ನಿ. ಸುರುಳಿಯ ಸಾಮರ್ಥ್ಯ ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ 2000 ವಾಟ್ ಎಂಬುದು 1,225ಕ್ಕೆ ಕುಸಿದು, ಅದೇ ಕೆಲಸಕ್ಕೆ ನಲವತ್ತು ನಿಮಿಷ ಬೇಕಾಗುತ್ತದೆ. ಸುರುಳಿಯೂ 1200 ವಾಟಿನ ಹೀರುವ ಮೋಟಾರೂ ಒಟ್ಟಿಗೆ ಓಡಿದರೆ 230 ವೋಲ್ಟಿನಲ್ಲಿ ಪ್ರವಾಹ ಸುಮಾರು 14 ಆಂಪಿಯರ್. ಸಾಮಾನ್ಯ ಮನೆಯ 6 ಆಂಪಿಯರಿನ ಬೆಸುಗೆಗೆ ಇದನ್ನು ಸಿಕ್ಕಿಸುವಂತಿಲ್ಲ. ಸಿಕ್ಕಿಸಿದವರ ಮನೆಯಲ್ಲಿ ಕತ್ತಲೆಯೊಡನೆ ಮಾತುಕತೆಯೂ ಆರಂಭವಾಗುತ್ತದೆ.

ನೀರಿನ ಗುಣವನ್ನೂ ನೋಡಬೇಕು. ನಮ್ಮ ಕೊಳವೆಬಾವಿಗಳ ನೀರು ಗಡಸು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟು ಕಾದಾಗ ಒಡೆದು ಕಾರ್ಬೊನೇಟಾಗಿ ಗಟ್ಟಿಯಾಗುತ್ತದೆ. ಅಡುಗೆಮನೆಯ ನೀರೊಲೆಯ ಹಂಡೆಯಲ್ಲಿ ಬಿಳಿಯ ಪೊರೆಗಟ್ಟುವುದನ್ನು ಎಲ್ಲರೂ ಕಂಡಿದ್ದಾರೆ. ಹಂಡೆಯನ್ನಾದರೆ ಹುಣಸೆಹಣ್ಣು ಹಚ್ಚಿ ಉಜ್ಜಬಹುದು. ಯಂತ್ರದ ಒಳಗಿನ ಬೆರಳುಗಾತ್ರದ ಸುರುಳಿಯನ್ನೂ ಸೂಜಿಗಣ್ಣಿನ ಸಿಂಪಡಿಸುವ ಬಾಯಿಯನ್ನೂ ಉಜ್ಜುವವರು ಯಾರು? ತಣ್ಣೀರನ್ನೇ ಬಳಸುವ ಯಂತ್ರದಲ್ಲಿ ಈ ತೊಂದರೆ ಬಹಳ ಕಡಮೆ. ಬೆಚ್ಚಗಿನ ನೀರು ಬೇಕೇ ಬೇಕೆನಿಸಿದರೆ ಮಾಡಿನ ಮೇಲಿನ ಸೌರ ಜಲತಾಪಕದಿಂದ ಒಂದು ಬಕೆಟ್ಟು ತುಂಬಿ ಹೊಯ್ದುಕೊಳ್ಳಬಹುದು.

ಬಿಸಿಯಿಲ್ಲದೆ ಜಿಡ್ಡು ಹೋಗುವುದೆ ಎಂಬ ಆಕ್ಷೇಪಣೆ ನ್ಯಾಯವಾದುದು. ಚಳ್ಳಕೆರೆಯನ್ನು ಎಣ್ಣೆಯ ನಗರವೆಂದೇ ಕರೆಯುವರು. ಕಡಲೆಕಾಯಿಯನ್ನು ಅರೆಯುವ ಗಿರಣಿಗಳಿಂದ ಹೆಸರಾದ ಊರು. ಇಲ್ಲಿಯ ಹಾಸುಗಳಲ್ಲಿ ಎಣ್ಣೆಯ ಕಲೆಗೆ ಕೊರತೆಯಿಲ್ಲ. ಆದರೆ ಬಿಸಿನೀರಿನ ಈ ಪದ್ಧತಿ ಬೆಳೆದು ಬಂದ ಚಳಿದೇಶಗಳಲ್ಲಿ ಜಿಡ್ಡೆಂದರೆ ಬೆಣ್ಣೆ ಮತ್ತು ಪ್ರಾಣಿಗಳ ಕೊಬ್ಬು. ಅವು ಅಲ್ಲಿಯ ಕೊಠಡಿಯ ಉಷ್ಣತೆಯಲ್ಲಿ ಗಟ್ಟಿಯಾಗಿರುತ್ತವೆ, ಕರಗಿಸಲು ಬಿಸಿ ಬೇಕು. ಕಡಲೆಕಾಯಿ ಎಣ್ಣೆ ನಮ್ಮಲ್ಲಿ ಮಾಗಿಯ ಬೆಳಗಿನಲ್ಲಿಯೂ ದ್ರವವೇ. ಅದನ್ನು ಕರಗಿಸಬೇಕಾಗಿಲ್ಲ, ನೂಲಿನಿಂದ ಬಿಡಿಸಿದರೆ ಸಾಕು. ಆ ಕೆಲಸವನ್ನು ಮಾರ್ಜಕದ ಅಣು ಮಾಡುತ್ತದೆ, ಹತ್ತು ನಿಮಿಷ ನೆನೆಯಲು ಬಿಟ್ಟರೆ ಮತ್ತಷ್ಟು ಚೆನ್ನಾಗಿ ಮಾಡುತ್ತದೆ. ತುಪ್ಪದ ಕಲೆಗೆ ಮಾತ್ರ ಸ್ವಲ್ಪ ಬೆಚ್ಚಗಿನ ನೀರು ಉಪಕಾರಿ.

ಈಗ ಮುಖ್ಯವಾದ ಲೆಕ್ಕಕ್ಕೆ ಬರೋಣ. ಎರಡು ಮೀಟರು ಅಗಲ, ಮೂರು ಮೀಟರು ಉದ್ದದ ಹಾಸೊಂದನ್ನು ತೊಳೆದ ಮೇಲೆ ಚದರ ಮೀಟರಿಗೆ ಒಂದು ಲೀಟರಿನಂತೆ ಆರು ಲೀಟರು ನೀರು ಅದರಲ್ಲಿ ಉಳಿಯಿತೆಂದು ಇಟ್ಟುಕೊಳ್ಳಿರಿ. ನೀರಿನ ಗುಪ್ತೋಷ್ಣ ಈ ಉಷ್ಣತೆಯಲ್ಲಿ ಕಿಲೋಗ್ರಾಮಿಗೆ ಸುಮಾರು 24 ಲಕ್ಷ ಜೌಲ್. ಆರು ಲೀಟರನ್ನು ಆವಿಯಾಗಿಸಲು ಸುಮಾರು 4 ಯೂನಿಟ್ಟು ವಿದ್ಯುತ್ತಿಗೆ ಸಮನಾದ ಶಾಖ ಬೇಕು. ಅದೇ ಆರು ಲೀಟರನ್ನು 1200 ವಾಟಿನ ಮೋಟಾರು ಐದು ನಿಮಿಷದಲ್ಲಿ ದ್ರವರೂಪದಲ್ಲಿಯೇ ಹೀರಿ ತೆಗೆದರೆ ಖರ್ಚಾಗುವುದು ಒಂದು ಯೂನಿಟ್ಟಿನ ಹತ್ತನೆಯ ಒಂದು ಭಾಗ. ನಲವತ್ತು ಪಟ್ಟು ಅಂತರ! ದ್ರವವನ್ನು ದ್ರವವಾಗಿಯೇ ಎಳೆದುಹಾಕುವುದು ಅಗ್ಗ, ಅದನ್ನು ಆವಿಮಾಡುವುದು ದುಬಾರಿ. ಹೀರಿದ ಮೇಲೂ ಉಳಿದ ತೇವವನ್ನು ಚಿತ್ರದುರ್ಗದ ಒಣಗಾಳಿ ಬಾಡಿಗೆಯಿಲ್ಲದೆ ಕೊಂಡೊಯ್ಯುತ್ತದೆ. ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವ ಜಿಲ್ಲೆಯಲ್ಲಿ ಒಣಗಿಸುವ ಬೀಸಣಿಗೆ ಕೊಳ್ಳುವ ಅವಸರವೇನೂ ಇಲ್ಲ. ತೇವ ಹೆಚ್ಚು ಹೊತ್ತು ನಿಲ್ಲುವುದು ವಾಸನೆಗೂ ಬೂಷ್ಟಿಗೂ ಮೂಲ. ಸೆಣಬಿನ ಬೆನ್ನುಳ್ಳ ಹಾಸಾದರೆ ಸೆಣಬಿನ ಕಂದುಬಣ್ಣ ಮೇಲೇರಿ ಹೊಸ ಕಲೆಯನ್ನೇ ಬರೆಯುತ್ತದೆ.

ತಿರುಗುವ ಕುಂಚದ ಯಂತ್ರದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಕಲ್ಲಿನ ನೆಲಕ್ಕೆ ಅದು ಸೊಗಸಾದ ಉಪಕರಣ. ಹಾಸಿನ ಮೇಲೆ ಅದು ಕೊಳೆಯನ್ನು ತೆಗೆಯುವುದಕ್ಕಿಂತ ಬುಡಕ್ಕೆ ತಳ್ಳುವುದೇ ಹೆಚ್ಚು, ನೂಲಿನ ತಿರುವನ್ನೂ ಬಿಚ್ಚುತ್ತದೆ.

ಉಣ್ಣೆಯ ಮಾತು ಬೇರೆಯೇ. ಉಣ್ಣೆಯ ಎಳೆ ಕೆರಟಿನ್ ಎಂಬ ಪ್ರೋಟೀನು. ಅದರ ಮೈಮೇಲೆ ಮೀನಿನ ಹುರುಪೆಯಂತೆ ಪೊರೆಗಳಿದ್ದು, ಅವೆಲ್ಲವೂ ಎಳೆಯ ತುದಿಯ ಕಡೆಗೆ ಬಾಗಿರುತ್ತವೆ. ನಮ್ಮ ಅಮೃತಮಹಲ್ ಕಾವಲುಗಳಲ್ಲಿ ನಡೆದಾಡಿದವರ ಪಂಚೆಗೆ ಚುಚ್ಚಿಕೊಂಡ ಊಬಿನ ಹುಲ್ಲು ಒಂದೇ ದಿಕ್ಕಿಗೆ ಸರಿಯುತ್ತದೆ, ಎಳೆದರೆ ಹಿಂದಕ್ಕೆ ಬರುವುದಿಲ್ಲ. ಉಣ್ಣೆಯ ಎಳೆಗಳೂ ಹಾಗೆಯೇ. ಬಿಸಿನೀರು, ಕ್ಷಾರ, ತಿಕ್ಕುವಿಕೆ ಇವು ಮೂರೂ ಕೂಡಿದಾಗ ಎಳೆಗಳು ಒಂದರೊಳಗೊಂದು ಸರಿದು ಗಂಟಾಗಿ, ಬಟ್ಟೆ ಕುಗ್ಗಿ ದಪ್ಪನಾಗುತ್ತದೆ. ಹೀಗೆ ಕುಗ್ಗಿದುದನ್ನು ಹಿಗ್ಗಿಸುವ ಉಪಾಯವಿಲ್ಲ. ಬಿಸಿನೀರಿನ ಯಂತ್ರವೂ ಕ್ಷಾರದ ಪುಡಿಯೂ ತಿರುಗುವ ಕುಂಚವೂ ಈ ಮೂರನ್ನು ಒಟ್ಟಿಗೆ ಒದಗಿಸುತ್ತವೆ. ಪ್ರೋಟೀನನ್ನು ಜೀರ್ಣಿಸುವ ಕಿಣ್ವಗಳುಳ್ಳ ಬಟ್ಟೆಪುಡಿಯೂ ಉಣ್ಣೆಗೆ ಹಗೆಯೇ. ಅದಕ್ಕೆ ರಕ್ತದ ಕಲೆಗೂ ಕುರಿಯ ತುಪ್ಪಟಕ್ಕೂ ಭೇದ ತಿಳಿಯದು.

ಚಳ್ಳಕೆರೆಯ ಕಂಬಳಿಗೆ ಇನ್ನೂ ಒಂದು ವಿಶೇಷವಿದೆ. ಕುರುಬ ನೇಕಾರರು ನೂಲಿಗೆ ಹುಣಸೆ ಬೀಜದ ಸರಿಯನ್ನು ಬಳಿದು ಬಿಗಿಗೊಳಿಸುವುದು ಹಿಂದಿನಿಂದ ಬಂದ ಕ್ರಮ. ಕಂಬಳಿಯ ಖಡಕ್ಕುತನ ಬಹುಪಾಲು ಈ ಸರಿಯದು. ಹುಣಸೆ ಬೀಜದ ಪಾಲಿಸ್ಯಾಕರೈಡು ಬಿಸಿನೀರಿನಲ್ಲಿ ಉಬ್ಬಿ ಹರಡಿಕೊಳ್ಳುತ್ತದೆ. ಹೊಸ ಕಂಬಳಿಯ ಮೇಲೆ ಬಿಸಿನೀರನ್ನು ಚಿಮ್ಮಿಸಿ ಹೀರಿದರೆ ಕೊಳೆಯೊಡನೆ ನೇಕಾರನ ಕೈಕೆಲಸವೂ ಕೊಳಕು ನೀರಿನ ತೊಟ್ಟಿಗೆ ಹೋಗುತ್ತದೆ. ಕಂಬಳಿಗೆ ಒಣ ಹೀರುವಿಕೆ ಮತ್ತು ಬಿಸಿಲು ಸಾಕೆಂಬುದು ನಮ್ಮ ದೃಢವಾದ ಮತ. ಗ್ರಾಹಕರು ತೊಳೆಯಲೇಬೇಕೆಂದು ಹಟ ಹಿಡಿದರೆ ಸಪ್ಪೆ ಮಾರ್ಜಕ, ತಣ್ಣೀರು, ಕಡಮೆ ತಿಕ್ಕುವಿಕೆ. ಸರಿ ಹೋಗಿ ಕಂಬಳಿ ಮೆತ್ತಗಾಗುವುದೆಂದು ಮೊದಲೇ ತಿಳಿಸಿಬಿಡಬೇಕು. ಮೊಳಕಾಲ್ಮೂರಿನ ಸೀರೆಯನ್ನೂ ಇದೇ ಯಂತ್ರದಿಂದ ಶುಚಿಮಾಡಬಹುದೆ ಎಂದು ಕೇಳಿದವರುಂಟು. ಖಂಡಿತ ಕೂಡದು. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಕೈಮಗ್ಗದ ರೇಷ್ಮೆಗೆ ನೆಲಹಾಸಿನ ಯಂತ್ರವನ್ನು ಹಚ್ಚುವುದು ವೀಣೆಯ ತಂತಿಗೆ ಗರಗಸ ಹಚ್ಚಿದಂತೆ.

ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ, ಮೃದುವಾದ ನೀರೂ ನಂಬಿಕೆಯ ವಿದ್ಯುತ್ತೂ ಇರುವಲ್ಲಿ, ನೂರಾರು ಮೀಟರು ನೈಲಾನಿನ ಹಾಸನ್ನು ಪ್ರತಿವಾರ ತೊಳೆಯುವವರಿಗೆ ಬಿಸಿನೀರಿನ ಯಂತ್ರ ಲಾಭಕರವಾದೀತು. ಕುದಾಪುರದ ಕಡೆ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವೇ ಮೊದಲಾದ ಸಂಸ್ಥೆಗಳು ಬಂದಿರುವುದರಿಂದ ಇಲ್ಲಿಯೂ ಅಂಥ ಕೆಲಸ ಮುಂದೆ ದೊರೆಯಬಹುದು. ದೊರೆತಾಗ, ಸಂಪಾದಿಸಿದ ಹಣದಲ್ಲಿ ಅದನ್ನು ಕೊಳ್ಳಬಹುದು. ಮೊದಲ ಸಾಲದ ಹಣದಲ್ಲಿ ಬೇಡ. ಮೊದಲಿಗೆ ಒಣದ್ದನ್ನೂ ಒದ್ದೆಯನ್ನೂ ಹೀರಬಲ್ಲ, ತಣ್ಣೀರು ಸಿಂಪಡಿಸುವ ಕೈಬಾಯಿಯುಳ್ಳ ಒಂದು ಗಟ್ಟಿಮುಟ್ಟಾದ ಯಂತ್ರ ಸಾಕು.

ಕೊಳ್ಳುವ ಮುನ್ನ ಅಂಗಡಿಯಲ್ಲಿಯೇ ಎರಡು ಪರೀಕ್ಷೆಗಳನ್ನು ಮಾಡಬೇಕು. ಎರಡೂವರೆ ಮೀಟರು ಉದ್ದದ ಪಾರದರ್ಶಕ ಕೊಳವೆಯ ಒಂದು ತುದಿಯನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಇನ್ನೊಂದನ್ನು ಯಂತ್ರದ ಬಾಯಿಗೆ ಗಾಳಿ ಸೋರದಂತೆ ಜೋಡಿಸಿ ನೆಟ್ಟಗೆ ಹಿಡಿಯಿರಿ. 20 ಕಿಲೋಪಾಸ್ಕಲ್ ಎಂದು ಬರೆದಿದ್ದರೆ ನೀರು ಸುಮಾರು ಎರಡು ಮೀಟರು ಏರಬೇಕು. ಒದ್ದೆಯನ್ನು ಹೀರುವ ಯಂತ್ರವಾದುದರಿಂದ ನೀರು ಒಳಗೆ ಹೋದರೂ ಹಾನಿಯಿಲ್ಲ. ಎರಡನೆಯದಕ್ಕೆ ಮನೆಯಿಂದ ಹಳೆಯ ಹಾಸಿನ ತುಂಡೊಂದನ್ನೂ ಒಂದು ಲೀಟರಿನ ಅಳತೆಯ ಪಾತ್ರೆಯನ್ನೂ ಒಯ್ಯಬೇಕು. ಲೀಟರು ನೀರನ್ನು ಹಾಸಿಗೆ ಸುರಿದು, ಎರಡು ನಿಮಿಷ ಬಿಟ್ಟು, ಯಂತ್ರದಿಂದ ಹೀರಿ, ತೊಟ್ಟಿಯಲ್ಲಿ ಬಂದುದನ್ನು ಮತ್ತೆ ಅಳೆಯಿರಿ. ಎರಡು ಯಂತ್ರಗಳಲ್ಲಿ ಯಾವುದು ಹೆಚ್ಚು ನೀರನ್ನು ಮರಳಿಸಿತೋ ಅದನ್ನು ಆರಿಸಿರಿ, ಪೆಟ್ಟಿಗೆಯ ಮೇಲಿನ ವಾಟು ಎಷ್ಟೇ ಇರಲಿ. ಅಂಗಡಿಯವರು ನೆಲ ಒದ್ದೆಯಾಗುವುದೆಂದು ಒಪ್ಪದಿದ್ದರೆ ನೆಲವನ್ನು ಒರಸಿಕೊಡಲು ಅವರ ಯಂತ್ರವೇ ಇದೆಯೆಂದು ಹೇಳಬಹುದು.